ದೊಡ್ಡವರಾದ ಮೇಲೆ ದವಡೆ ಆಪರೇಷನ್: ಮಂಗಳೂರು, ಉಡುಪಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ಕೆಳದವಡೆ ಮುಂದೆ ಬಂದಿತ್ತು. ಮೂವತ್ತು ದಾಟಿದ ಮೇಲೆ ಎರಡೂ ದವಡೆಗೆ ಆಪರೇಷನ್ ಆಯಿತು. ಆಮೇಲೆ ನೆಂಟರ ಮನೆಯಲ್ಲಿ, ಆಫೀಸಿನಲ್ಲಿ, ಕೊನೆಗೆ ಮೀನು ಮಾರ್ಕೆಟಿನಲ್ಲೂ ಜನ ನಿಲ್ಲಿಸಿ ವಿಚಾರಿಸುತ್ತಾರೆ. ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ದವಡೆಗೆ ಏನು ಮಾಡಬೇಕು ಅನ್ನುವುದನ್ನು ನಿಮ್ಮನ್ನು ನೋಡಿದವರೇ ಹೇಳಬೇಕು.

ಇದು ಸುಮ್ನೆ ಚಂದಕ್ಕೆ ಮಾಡಿಸುವ ಆಪರೇಷನ್ ಅಲ್ವಾ?

ಕೆಲವರಿಗೆ ಹೌದು, ತುಂಬಾ ಜನರಿಗೆ ಅಲ್ಲ. ಬಾಯಿ ಮುಚ್ಚಿದರೂ ಎದುರಿನ ಹಲ್ಲುಗಳು ಒಂದಕ್ಕೊಂದು ತಾಗದವರು ಇದ್ದಾರೆ. ಅವರು ಗೋಳಿಬಜೆಯನ್ನೂ ಬದಿಯ ಹಲ್ಲಿನಲ್ಲಿ ಕಚ್ಚಬೇಕು, ಸೇಮಿಗೆ ತುಂಡು ಮಾಡಲು ನಾಲಗೆ ಸಹಾಯ ಬೇಕು. ಎಲ್ಲಾ ಭಾರ ದವಡೆ ಹಲ್ಲುಗಳ ಮೇಲೆ ಬಿದ್ದು ಅವು ಸವೆಯುತ್ತವೆ. ಕೆಳದವಡೆ ತೀರಾ ಹಿಂದೆ ಇದ್ದರೆ ನಿದ್ದೆಯಲ್ಲಿ ನಾಲಗೆ ಗಂಟಲಿಗೆ ಅಡ್ಡ ಬಂದು ಉಸಿರು ನಿಂತು ನಿಂತು ಬರುತ್ತದೆ. ಜೋರು ಗೊರಕೆ, ಹಗಲಲ್ಲಿ ತೂಕಡಿಕೆ ಇದ್ದರೆ ಮೊದಲು ನಿದ್ದೆಯ ಪರೀಕ್ಷೆ ಮಾಡಿಸಿ. ಅಂಥವರಿಗೆ ಎರಡೂ ದವಡೆಯನ್ನು ಮುಂದಕ್ಕೆ ತರುವುದು ಒಪ್ಪಿತ ಚಿಕಿತ್ಸೆಗಳಲ್ಲಿ ಒಂದು.

ಮುಖ ಚಂದ ಆಗಲಿ ಅಂತ ಬಯಸುವುದೂ ತಪ್ಪಲ್ಲ. ಆದರೆ ಹಲ್ಲು ಸರಿಯಾಗಿ ಕೂರುತ್ತಿದ್ದು, ಫೋಟೋದಲ್ಲಿ ಗಲ್ಲ (ಗದ್ದ) ಮಾತ್ರ ಸಣ್ಣದು ಕಾಣುತ್ತದೆ ಅಂತಾದರೆ ಇಷ್ಟು ದೊಡ್ಡ ಆಪರೇಷನ್ ಬೇಡ. ಗಲ್ಲದ ಮೂಳೆಯನ್ನಷ್ಟೇ ಸರಿಸುವ ಚಿಕ್ಕ ಆಪರೇಷನ್ ಇದೆ.

ನನಗೆ ಕ್ಲಿಪ್ ಸಾಕಾ, ಆಪರೇಷನ್ ಬೇಕೇ ಬೇಕಾ?

ಇಡೀ ವಿಷಯದಲ್ಲಿ ದೊಡ್ಡ ಪ್ರಶ್ನೆ ಇದೇ. ಕ್ಲಿಪ್ ಹಾಕಿಸುವ ಮೊದಲೇ ಇದಕ್ಕೆ ಉತ್ತರ ಸಿಗಬೇಕು.

ಕ್ಲಿಪ್ ಹಲ್ಲನ್ನು ಸರಿಸುತ್ತದೆ. ಬೆಳೆದವರ ದವಡೆಯ ಮೂಳೆಯನ್ನು ಉದ್ದ, ಗಿಡ್ಡ ಮಾಡುವ ಶಕ್ತಿ ಅದಕ್ಕಿಲ್ಲ. ದವಡೆಯ ವ್ಯತ್ಯಾಸ ಸ್ವಲ್ಪವೇ ಇದ್ದರೆ ಹಲ್ಲುಗಳನ್ನೇ ವಾಲಿಸಿ ಮರೆಮಾಚಬಹುದು. ಮೇಲಿನ ಹಲ್ಲು ಮುಂದಿದ್ದರೆ ಮೇಲೆ ಎರಡು ಹಲ್ಲು ಕೀಳಿಸಿ ಮುಂದಿನವನ್ನು ಹಿಂದಕ್ಕೆ ಎಳೆಯುತ್ತಾರೆ. ಅನೇಕರಿಗೆ ಇಷ್ಟೇ ಸಾಕು. ಮುಖ ಹೆಚ್ಚು ಬದಲಾಗುವುದಿಲ್ಲ, ಕಚ್ಚುವುದಕ್ಕೆ ಅನುಕೂಲ ಆಗುತ್ತದೆ.

ವ್ಯತ್ಯಾಸ ಜಾಸ್ತಿ ಇದ್ದರೆ ಆಪರೇಷನ್. ಆಗ ಹಲ್ಲು ಸರಿಸುವ ದಿಕ್ಕೇ ಉಲ್ಟಾ. ಮರೆಮಾಚಲು ಯಾವ ಕಡೆಗೆ ವಾಲಿಸುತ್ತಾರೋ, ಆಪರೇಷನ್‌ಗೆ ತಯಾರು ಮಾಡುವಾಗ ಅದರ ವಿರುದ್ಧ ಕಡೆಗೆ ಎಳೆಯಬೇಕು. ಹಾಗಾಗಿ "ಮೊದಲು ಕ್ಲಿಪ್ ಹಾಕೋಣ, ಆಮೇಲೆ ನೋಡೋಣ" ಅನ್ನುವುದು ಇಲ್ಲಿ ನಡೆಯುವುದಿಲ್ಲ. ಅರ್ಧ ದಾರಿಯಲ್ಲಿ ಮನಸ್ಸು ಬದಲಾದರೆ ಸರಿಸಿದ ಹಲ್ಲನ್ನು ಮತ್ತೆ ವಾಪಸ್ ತರಬೇಕು, ಕಿತ್ತ ಹಲ್ಲು ವಾಪಸ್ ಬರುವುದಿಲ್ಲ. ನನಗೂ ಊರಿನ ಒಂದು ಕ್ಲಿನಿಕ್ಕಿನಲ್ಲಿ ಮೊದಲ ದಿನವೇ "ನಾಳೆ ಬನ್ನಿ, ಹಲ್ಲು ತೆಗೆದು ಶುರು ಮಾಡೋಣ" ಅಂದಿದ್ದರು. ಎಕ್ಸ್‌ರೇ ಕೂಡ ತೆಗೆದಿರಲಿಲ್ಲ. ಅಷ್ಟು ಅವಸರ ಇರುವಲ್ಲಿಂದ ಎದ್ದು ಬನ್ನಿ.

ಕ್ಲಿಪ್ ಹಾಕುವ ಆರ್ಥೊಡಾಂಟಿಸ್ಟ್ ಮತ್ತು ಆಪರೇಷನ್ ಮಾಡುವ ಸರ್ಜನ್ ಇಬ್ಬರೂ ಮೊದಲೇ ನಿಮ್ಮನ್ನು ನೋಡಿ, ಒಟ್ಟಿಗೆ ಕೂತು ಪ್ಲಾನ್ ಮಾಡಬೇಕು. ತಲೆಯ ಬದಿಯ ಎಕ್ಸ್‌ರೇ, ಇಡೀ ದವಡೆಯ ಎಕ್ಸ್‌ರೇ, ಹಲ್ಲಿನ ಅಚ್ಚು ಅಥವಾ ಸ್ಕ್ಯಾನ್, ಫೋಟೋ ಇಷ್ಟಾದರೂ ಆಗಬೇಕು. ಮುಖ ಒಂದು ಬದಿಗೆ ವಾಲಿದ್ದರೆ ಸಿಟಿ ಸ್ಕ್ಯಾನ್ ಕೂಡ. ಒಬ್ಬರು ಮಾತ್ರ ಎಲ್ಲಾ ತೀರ್ಮಾನ ಮಾಡಿ, "ಸರ್ಜನ್ ಹತ್ತಿರ ಆಮೇಲೆ ಮಾತಾಡುವ" ಅಂದರೆ ಒಪ್ಪಬೇಡಿ.

ನನಗೀಗ ಮೂವತ್ತೆಂಟು. ತಡ ಆಯ್ತಾ?

ಇಲ್ಲ. ಈ ಆಪರೇಷನ್‌ಗೆ ವಯಸ್ಸಿನ ಅಡ್ಡಿ ಇರುವುದು ಕೆಳಗಿನ ಕಡೆ. ಬೆಳವಣಿಗೆ ನಿಲ್ಲುವವರೆಗೆ ಕಾಯಬೇಕು. ಹುಡುಗಿಯರಿಗೆ ಸುಮಾರು 16-17, ಹುಡುಗರಿಗೆ 18-21. ಕೆಳದವಡೆ ಮುಂದೆ ಬಂದವರಿಗಂತೂ ಅವಸರ ಮಾಡಿದರೆ ಅದು ಮತ್ತೆ ಬೆಳೆದುಬಿಡುತ್ತದೆ.

ವಯಸ್ಸಾದವರಿಗೆ ಒಸಡು ಗಟ್ಟಿ ಇರಬೇಕು, ಬಿಪಿ, ಶುಗರ್ ಹತೋಟಿಯಲ್ಲಿರಬೇಕು. ನರಕ್ಕೆ ಪೆಟ್ಟಾದರೆ ಚಿಕ್ಕವರಷ್ಟು ಬೇಗ ಚೇತರಿಸುವುದಿಲ್ಲ. ಅದರ ಬಗ್ಗೆ ಕೆಳಗೆ ಬರೆದಿದ್ದೇನೆ.

ದೊಡ್ಡವರಾದ ಮೇಲೆ ಮುಖ ಹೊಸದಾಗಿ ಒಂದು ಬದಿಗೆ ವಾಲತೊಡಗಿದರೆ ಅದು ಬೇರೆ ಕತೆ. ಒಂದು ಬದಿಯ ದವಡೆಯ ಕೀಲು ಇನ್ನೂ ಬೆಳೆಯುತ್ತಿರಬಹುದು. ಅದನ್ನು ನೋಡಲು ಬೋನ್ ಸ್ಕ್ಯಾನ್ ಇದೆ.

ನಮ್ಮ ಕಡೆ ಎಲ್ಲಿ ತೋರಿಸಬೇಕು?

ಇದರಲ್ಲಿ ನಮ್ಮ ಎರಡು ಜಿಲ್ಲೆಗಳವರು ಪುಣ್ಯವಂತರು. ಮಣಿಪಾಲದ ದಂತ ಕಾಲೇಜು 1965ರಲ್ಲೇ ಶುರುವಾದದ್ದು. ಮಂಗಳೂರಿನಲ್ಲಿ ಲೈಟ್‌ಹೌಸ್ ಹಿಲ್ ರಸ್ತೆಯಲ್ಲಿ ಮಣಿಪಾಲದವರದ್ದೇ ಇನ್ನೊಂದು ಕಾಲೇಜು ಇದೆ. ದೇರಳಕಟ್ಟೆಯಲ್ಲಿ ಎ.ಬಿ. ಶೆಟ್ಟಿ ಮತ್ತು ಯೆನೆಪೋಯ, ಕುಂಟಿಕಾನದಲ್ಲಿ ಎ.ಜೆ., ಮುಕ್ಕದಲ್ಲಿ ಶ್ರೀನಿವಾಸ್, ಸುಳ್ಯದಲ್ಲಿ ಕೆ.ವಿ.ಜಿ. ದಂತ ಕಾಲೇಜಿನಲ್ಲಿ ಒಂದು ದೊಡ್ಡ ಅನುಕೂಲ ಅಂದರೆ ಕ್ಲಿಪ್ ಹಾಕುವ ಆರ್ಥೊಡಾಂಟಿಕ್ಸ್ ಮತ್ತು ದವಡೆ, ಮುಖದ ಮೂಳೆಯ ಆಪರೇಷನ್ ಮಾಡುವ ಮ್ಯಾಕ್ಸಿಲೋಫೇಶಿಯಲ್ ಸರ್ಜರಿ ವಿಭಾಗ ಒಂದೇ ಕಟ್ಟಡದಲ್ಲಿ ಇರುವುದು. ಚೀಟಿ ಹಿಡಿದು ಒಂದು ಮಹಡಿಯಿಂದ ಇನ್ನೊಂದಕ್ಕೆ ಹೋದರಾಯಿತು.

ಅನನುಕೂಲ ಕಾಯುವುದು. ಕ್ಲಿಪ್ ಬಿಗಿ ಮಾಡುವವರು ಸ್ನಾತಕೋತ್ತರ ವಿದ್ಯಾರ್ಥಿಗಳಾಗಿರಬಹುದು. ಅವರ ಕೋರ್ಸ್ ಮೂರು ವರ್ಷ. ನಿಮ್ಮ ಚಿಕಿತ್ಸೆ ಮುಗಿಯುವ ಮೊದಲು ಅವರೇ ಪಾಸಾಗಿ ಹೋಗಬಹುದು. ಹಾಗಾಗಿ ಕೇಸ್ ನೋಡಿಕೊಳ್ಳುವ ಪ್ರೊಫೆಸರ್ ಯಾರು ಅಂತ ಮೊದಲೇ ತಿಳಿದುಕೊಳ್ಳಿ.

ಸೀಳುತುಟಿ, ಸೀಳಂಗುಳ ಇದ್ದು ಚಿಕ್ಕಂದಿನಲ್ಲಿ ಆಪರೇಷನ್ ಆದವರಿಗೆ ದೊಡ್ಡವರಾದಾಗ ಮೇಲ್ದವಡೆ ಹಿಂದೆ ಉಳಿಯುವುದು ಸಾಮಾನ್ಯ. ಅವರು ದೇರಳಕಟ್ಟೆಯ ನಿಟ್ಟೆ ಮೀನಾಕ್ಷಿ ಕ್ರೇನಿಯೋಫೇಶಿಯಲ್ ಸರ್ಜರಿ ಸಂಸ್ಥೆಯಲ್ಲಿ ವಿಚಾರಿಸಬಹುದು.

ಹಲ್ಲಿನ ಡಾಕ್ಟರ್ ಮೂಳೆ ಕತ್ತರಿಸುತ್ತಾರಾ?

ಹೌದು, ಅವರ ಕೆಲಸವೇ ಅದು. ಬಿಡಿಎಸ್ ಆದ ಮೇಲೆ ಮೂರು ವರ್ಷ ಮ್ಯಾಕ್ಸಿಲೋಫೇಶಿಯಲ್ ಸರ್ಜರಿಯಲ್ಲಿ ಎಂಡಿಎಸ್ ಮಾಡಿದವರು. ಬೈಕಿನಿಂದ ಬಿದ್ದು ದವಡೆ ಮುರಿದವರನ್ನು ಸರಿಮಾಡುವವರೂ ಇವರೇ. ಅರಿವಳಿಕೆ ಕೊಡಲು ಬೇರೆ ಡಾಕ್ಟರ್ ಇರುತ್ತಾರೆ. ಕೇಳಬೇಕಾದ್ದು ಇಷ್ಟು: "ನೀವು ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ಮಾಡ್ತೀರಿ?" ಒಳ್ಳೆಯ ಸರ್ಜನ್‌ಗೆ ಈ ಪ್ರಶ್ನೆಯಿಂದ ಬೇಸರ ಆಗುವುದಿಲ್ಲ.

ಒಟ್ಟು ಎಷ್ಟು ಸಮಯ? ದುಬೈಯಿಂದ ಒಂದು ತಿಂಗಳ ರಜೆಯಲ್ಲಿ ಬರ್ತೇನೆ, ಆಗ್ತದಾ?

ಆಗುವುದಿಲ್ಲ. ಆಪರೇಷನ್‌ಗೆ ಮೊದಲು ಕ್ಲಿಪ್ ಸುಮಾರು ಒಂದರಿಂದ ಒಂದೂವರೆ ವರ್ಷ, ಆಮೇಲೆ ಮತ್ತೆ ಆರು ತಿಂಗಳ ಆಸುಪಾಸು. ಒಟ್ಟು ಎರಡು ವರ್ಷ ಅಂತ ಇಟ್ಟುಕೊಳ್ಳಿ. ಕೆಲವರಿಗೆ ಆಪರೇಷನ್ ಮೊದಲು, ಕ್ಲಿಪ್ಪಿನ ಕೆಲಸ ಆಮೇಲೆ ಅನ್ನುವ ಕ್ರಮವೂ ಇದೆ. ಆದರೆ ಅದು ಎಲ್ಲರ ಹಲ್ಲಿಗೂ ಒಗ್ಗುವುದಿಲ್ಲ.

ಗಲ್ಫ್‌ನಲ್ಲಿರುವವರು ಅಲ್ಲೇ ಒಬ್ಬ ಆರ್ಥೊಡಾಂಟಿಸ್ಟ್ ಹಿಡಿದು, ಇಲ್ಲಿನ ಸರ್ಜನ್ ಜೊತೆ ಮೊದಲೇ ಮಾತಾಡಿಸಿ, ಆಪರೇಷನ್‌ಗೆ ಮಾತ್ರ ಊರಿಗೆ ಬರುವುದುಂಟು. ಅದಕ್ಕೂ ತಿಂಗಳು ಸಾಲದು, ಆರು ವಾರ ಬೇಕು. ವಿಮಾನ ಹತ್ತುವ ದಿನವನ್ನು ಸರ್ಜನ್ ಹೇಳಿದ ಮೇಲೆ ಗೊತ್ತು ಮಾಡಿ. ಮೇಲ್ದವಡೆಯ ಆಪರೇಷನ್ ಆದರೆ ಕೆನ್ನೆಯ ಒಳಗಿನ ಸೈನಸ್, ಅಂದರೆ ಗಾಳಿ ತುಂಬಿದ ಪೊಳ್ಳು ಜಾಗ ಕೂಡ ಗಾಯವಾಗಿರುತ್ತದೆ, ವಿಮಾನದಲ್ಲಿ ಗಾಳಿಯ ಒತ್ತಡ ಬದಲಾಗುವುದು ಅದಕ್ಕೆ ಒಗ್ಗುವುದಿಲ್ಲ.

ಕ್ಲಿಪ್ ಹಾಕಿದ ಮೇಲೆ ಮುಖ ಇನ್ನೂ ಹಾಳಾಯ್ತು! ಏನು ಕತೆ?

ಹೆದರಬೇಡಿ, ಕೆಲಸ ಸರಿಯಾದ ದಾರಿಯಲ್ಲಿದೆ. ಇಷ್ಟು ವರ್ಷ ನಿಮ್ಮ ಹಲ್ಲುಗಳು ದವಡೆಯ ವ್ಯತ್ಯಾಸವನ್ನು ಸರಿದೂಗಿಸಲು ಅತ್ತಿತ್ತ ವಾಲಿದ್ದವು. ಈಗ ಅವನ್ನು ನೆಟ್ಟಗೆ ನಿಲ್ಲಿಸುತ್ತಿದ್ದಾರೆ. ಆಗ ಮೂಳೆಯ ನಿಜವಾದ ವ್ಯತ್ಯಾಸ ಎದ್ದು ಕಾಣುತ್ತದೆ. ಕೆಳದವಡೆ ಮುಂದಿದ್ದವರಿಗೆ ಇನ್ನೂ ಮುಂದೆ ಬಂದ ಹಾಗೆ ಕಾಣುತ್ತದೆ, ಅಗಿಯುವುದೂ ಕಷ್ಟ. ಆ ತಿಂಗಳುಗಳಲ್ಲಿ ಮದುವೆ ಮನೆಗೆ ಹೋದರೆ ಒಬ್ಬ ದೊಡ್ಡಮ್ಮನಾದರೂ "ಇದಕ್ಕೆ ದುಡ್ಡು ಬೇರೆ ಕೊಟ್ಯಾ?" ಅಂತ ಕೇಳಿಯೇ ಕೇಳುತ್ತಾರೆ. ನಕ್ಕು ಊಟಕ್ಕೆ ಕೂರಿ.

ಬುದ್ಧಿ ಹಲ್ಲು ಇದ್ದರೆ ಸಾಮಾನ್ಯವಾಗಿ ಆರು ತಿಂಗಳು ಮೊದಲೇ ತೆಗೆಸುತ್ತಾರೆ. ಕೆಳದವಡೆಯನ್ನು ಸೀಳುವುದು ಆ ಜಾಗದಲ್ಲೇ.

ಆಪರೇಷನ್‌ನಲ್ಲಿ ನಿಜವಾಗಿ ಏನು ಮಾಡುತ್ತಾರೆ?

ಕೊಯ್ಯುವುದೆಲ್ಲಾ ಬಾಯಿಯ ಒಳಗಿಂದಲೇ. ಹೊರಗೆ ಕಲೆ ಇರುವುದಿಲ್ಲ, ಕೆಲವೊಮ್ಮೆ ಸ್ಕ್ರೂ ಹಾಕಲು ಕೆನ್ನೆಯಲ್ಲಿ ಒಂದು ಸಣ್ಣ ತೂತು ಮಾಡಬೇಕಾಗುತ್ತದೆ, ಅಷ್ಟೇ. ಉಸಿರಿನ ನಳಿಕೆಯನ್ನು ಮೂಗಿನಿಂದ ಹಾಕುತ್ತಾರೆ.

ಮೇಲ್ದವಡೆಯನ್ನು ಹಲ್ಲಿನ ಬೇರುಗಳ ಮೇಲೆ ಅಡ್ಡಲಾಗಿ ಕತ್ತರಿಸಿ ಬಿಡಿಸುತ್ತಾರೆ. ಇದಕ್ಕೆ ಲೆಫೋರ್ಟ್ ಒನ್ ಅಂತ ಹೆಸರು. ರೆನೆ ಲೆಫೋರ್ಟ್ ಅನ್ನುವ ಫ್ರೆಂಚ್ ಸರ್ಜನ್ ಹೆಣಗಳ ತಲೆಗೆ ಪೆಟ್ಟು ಕೊಟ್ಟು, ಮುಖದ ಮೂಳೆ ಯಾವ ಗೆರೆಯಲ್ಲಿ ಮುರಿಯುತ್ತದೆ ಅಂತ 1901ರಲ್ಲಿ ಬರೆದಿಟ್ಟರು. ಈಗಿನ ಸರ್ಜನ್‌ಗಳು ಅದೇ ಗೆರೆಯಲ್ಲಿ ಬೇಕೆಂದೇ ಕತ್ತರಿಸುತ್ತಾರೆ.

ಕೆಳದವಡೆಯನ್ನು ಎರಡೂ ಬದಿಯಲ್ಲಿ ಉದ್ದಕ್ಕೆ ಸೀಳುತ್ತಾರೆ, ಹೊರಪದರ ಬೇರೆ, ಒಳಪದರ ಬೇರೆ. ಬೆಂಕಿಪೆಟ್ಟಿಗೆಯ ಹಾಗೆ ಒಂದರೊಳಗೊಂದು ಜಾರಿಸಿ ಮುಂದಕ್ಕೋ ಹಿಂದಕ್ಕೋ ತರಬಹುದು. ಜಾರಿಸಿದ ಮೇಲೂ ಮೂಳೆಗೆ ಮೂಳೆ ತಾಗಿಕೊಂಡೇ ಇರುವುದರಿಂದ ಬೇಗ ಕೂಡುತ್ತದೆ. 1950ರ ದಶಕದಲ್ಲಿ ಹ್ಯೂಗೊ ಓಬ್ವೆಗೇಸರ್ ರೂಪಿಸಿದ ವಿಧಾನ ಇದು. ಮೊದಲೇ ಲೆಕ್ಕ ಹಾಕಿ ಮಾಡಿಟ್ಟ ಪ್ಲಾಸ್ಟಿಕ್ ಅಚ್ಚನ್ನು ಹಲ್ಲುಗಳ ನಡುವೆ ಇಟ್ಟು, ಅದಕ್ಕೆ ಸರಿಯಾಗಿ ದವಡೆ ಕೂರಿಸಿ, ಟೈಟಾನಿಯಂ ಪ್ಲೇಟು, ಸ್ಕ್ರೂ ಹಾಕುತ್ತಾರೆ. ಒಂದು ದವಡೆಗೆ ಎರಡು ಮೂರು ಗಂಟೆ, ಎರಡಕ್ಕೂ ಆದರೆ ನಾಲ್ಕರಿಂದ ಆರು.

ಬಾಯಿಗೆ ತಂತಿ ಕಟ್ಟಿ ಬೀಗ ಹಾಕುತ್ತಾರಾ?

ಪ್ಲೇಟು ಬರುವ ಮೊದಲು ಆರು ವಾರ ಹಾಗೆ ಕಟ್ಟುತ್ತಿದ್ದರು. ಈಗ ಹೆಚ್ಚಿನವರಿಗೆ ರಬ್ಬರ್ ಬಳೆ ಮಾತ್ರ. ಬೆರಳ ತುದಿಯಲ್ಲಿ ಹಿಡಿಯಲೂ ಕಷ್ಟ, ಅಷ್ಟು ಚಿಕ್ಕದು. ಪ್ಲಾಸ್ಟಿಕ್ ಕೊಕ್ಕೆಯಲ್ಲಿ ಸಿಕ್ಕಿಸಿ, ಕನ್ನಡಿ ಮುಂದೆ ನಿಂತು, ಮೇಲಿನ ಕ್ಲಿಪ್ಪಿನ ಕೊಂಡಿಯಿಂದ ಕೆಳಗಿನದಕ್ಕೆ ಎಳೆದು ಹಾಕಬೇಕು. ಮೊದಮೊದಲು ಅರ್ಧ ಹಾಕುವಷ್ಟರಲ್ಲಿ ಕೊಕ್ಕೆ ಜಾರಿ ಬಳೆ ಸಿಂಕಿಗೆ ಹಾರುತ್ತದೆ. ಒಂದು ಪ್ಯಾಕೆಟ್ ಜಾಸ್ತಿ ಕೇಳಿ ಇಟ್ಟುಕೊಳ್ಳಿ.

ತುಂಬಾ ನೋವಾ?

ಅಂದುಕೊಂಡಷ್ಟು ಇಲ್ಲ, ಯಾಕೆಂದರೆ ಮುಖದ ಅರ್ಧ ಜಾಗ ಮರಗಟ್ಟಿರುತ್ತದೆ. ಕಷ್ಟ ಕೊಡುವುದು ಊತ ಮತ್ತು ಕಟ್ಟಿದ ಮೂಗು. ಊತ ಎರಡನೇ, ಮೂರನೇ ದಿನ ತುತ್ತತುದಿಗೆ ಹೋಗುತ್ತದೆ. ಹೆಚ್ಚಿನದು ಎರಡು ಮೂರು ವಾರದಲ್ಲಿ ಇಳಿಯುತ್ತದೆ, ಕೊನೆಯ ಸ್ವಲ್ಪ ತಿಂಗಳುಗಟ್ಟಲೆ ಉಳಿಯುತ್ತದೆ. ತಲೆ ಎತ್ತರಿಸಿ ಮಲಗಿ. ಮೇಲ್ದವಡೆ ಆಗಿದ್ದರೆ ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದು ಸೀನಿ.

ಮೊದಲ ಎರಡು ವಾರದಲ್ಲಿ ಅಳು ಬರುತ್ತದೆ. ಕನ್ನಡಿಯಲ್ಲಿ ಬೇರೆ ಯಾರೋ ಕಾಣುತ್ತಾರೆ, ಹೊಟ್ಟೆ ಖಾಲಿ, ನಿದ್ದೆ ಇಲ್ಲ, ಮಾತು ಸರಿ ಬರುವುದಿಲ್ಲ. ಇದು ತುಂಬಾ ಜನರಿಗೆ ಆಗುತ್ತದೆ. ಮನೆಯವರಿಗೂ ಮೊದಲೇ ಹೇಳಿಡಿ.

ಊಟ ಹೇಗೆ ಮಾಡುವುದು?

ಮೊದಲ ಒಂದೆರಡು ವಾರ ಕುಡಿಯುವಂಥದ್ದು ಮಾತ್ರ. ಆಮೇಲೆ ಆರನೇ ವಾರದವರೆಗೆ ಅಗಿಯದೆ ನುಂಗುವಂಥದ್ದು. ತುಟಿಗೆ ಸ್ಪರ್ಶ ಇಲ್ಲದ್ದರಿಂದ ಲೋಟದಲ್ಲಿ ಕುಡಿದರೆ ಗಲ್ಲದ ಮೇಲೆ ಸುರಿಯುತ್ತದೆ. ದೊಡ್ಡ ಸಿರಿಂಜ್‌ಗೆ ಮೆತ್ತಗಿನ ನಳಿಕೆ ಸಿಕ್ಕಿಸಿ, ಕೆನ್ನೆಯ ಬದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಬೇಕು. ಸ್ಟ್ರಾದಲ್ಲಿ ಎಳೆಯಲು ಡಾಕ್ಟರ್ ಹೇಳುವವರೆಗೆ ಹೋಗಬೇಡಿ.

ನಮ್ಮ ಊರಿನ ಅಡುಗೆ ಈ ವಿಷಯದಲ್ಲಿ ಕೈ ಹಿಡಿಯುತ್ತದೆ. ಕುಚ್ಚಲಕ್ಕಿ ಗಂಜಿ ಎಲ್ಲಾ ಮನೆಯಲ್ಲೂ ಇದೆ. ಆದರೆ ಆ ದಪ್ಪ ಅಗುಳು ಕ್ಲಿಪ್ಪಿನ ಸಂದಿಗೆ ಸಿಕ್ಕಿದರೆ ತೆಗೆಯುವುದು ದೊಡ್ಡ ರಗಳೆ. ಮೆತ್ತಗೆ ಬೇಯಿಸಿ, ಮಿಕ್ಸಿಗೆ ಹಾಕಿ, ತೆಳು ಬಟ್ಟೆಯಲ್ಲಿ ಸೋಸಿ, ಉಪ್ಪು, ಒಂದು ಚಮಚ ತುಪ್ಪ ಹಾಕಿ. ನೀರು ನೀರಾದ ರಾಗಿ, ಹೆಸರುಬೇಳೆ ತೊವ್ವೆಯ ತಿಳಿ, ಸೋಸಿದ ಕೋಳಿ ಸೂಪ್, ಎಳನೀರು ಎಲ್ಲಾ ಆಗುತ್ತದೆ. ಬರೀ ಗಂಜಿ ತಿಳಿ ಕುಡಿದರೆ ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಸಿಗುವುದಿಲ್ಲ. ಹಾಲು, ಮೊಸರು, ಬೇಳೆ, ಪ್ರೋಟೀನ್ ಪುಡಿ ಬೇಕೇ ಬೇಕು. ಆದರೂ ಕೆಲವು ಕಿಲೋ ಇಳಿಯುತ್ತದೆ. ಪುನರ್ಪುಳಿ ಸಾರನ್ನು ಒಳಗಿನ ಹೊಲಿಗೆ ಮಾಯುವವರೆಗೆ ಬಿಡಿ, ಉರಿಯುತ್ತದೆ.

ಡಾಕ್ಟರ್ ಒಪ್ಪಿದ ಮೇಲೆ ಮೊದಲು ಬರುವುದು ಸಾರಿನಲ್ಲಿ ನೆನೆಸಿದ ನೀರುದೋಸೆ, ಮುಳ್ಳು ಬಿಡಿಸಿದ ಕಾಣೆ ಮೀನು. ಕೋರಿರೊಟ್ಟಿ ಸಾರಿನಲ್ಲಿ ಎಷ್ಟೇ ನೆನೆದರೂ ಅಲ್ಲಲ್ಲಿ ಗರಿ ಉಳಿಯುತ್ತದೆ, ಅದಕ್ಕೆ ಅವಸರ ಬೇಡ. ಚಕ್ಕುಲಿ, ಹಪ್ಪಳ ಮೂರು ತಿಂಗಳ ನಂತರದ ಮಾತು.

ಬಾಯಿ ತೆರೆಯುವ ವ್ಯಾಯಾಮ ಮೆತ್ತಗಿನ ಊಟ ಶುರುವಾಗುವ ಹೊತ್ತಿಗೇ ಶುರುವಾಗುತ್ತದೆ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ಕೆಲವು ದಿನಕ್ಕೊಮ್ಮೆ ಒಂದು ಕಡ್ಡಿ ಜಾಸ್ತಿ ಮಾಡುವುದು. ಮೂರು ಬೆರಳು, ಅಂದರೆ ಸುಮಾರು 40 ಮಿಲಿಮೀಟರ್ ಹೋದರೆ ಗೆದ್ದ ಹಾಗೆ.

ತುಟಿ ಶಾಶ್ವತವಾಗಿ ಮರಗಟ್ಟುತ್ತದಾ?

ಈ ಪ್ರಶ್ನೆಯನ್ನು ಕೇಳದೆ ಸಹಿ ಹಾಕಬೇಡಿ. ಕೆಳತುಟಿ ಮತ್ತು ಗಲ್ಲಕ್ಕೆ ಸ್ಪರ್ಶ ಕೊಡುವ ನರ ಕೆಳದವಡೆಯ ಮೂಳೆಯ ಒಳಗೇ ಹೋಗುತ್ತದೆ, ಸೀಳುವುದು ಅದರ ಪಕ್ಕದಲ್ಲೇ. ಆಪರೇಷನ್ ಆದ ತಕ್ಷಣ ಹೆಚ್ಚುಕಮ್ಮಿ ಎಲ್ಲರಿಗೂ ಮರಗಟ್ಟುತ್ತದೆ. ತಿಂಗಳುಗಳಲ್ಲಿ ಇರುವೆ ಹರಿದಾಡಿದ ಹಾಗೆ, ಕರೆಂಟ್ ಹೊಡೆದ ಹಾಗೆ ಆಗುತ್ತಾ ವಾಪಸ್ ಬರುತ್ತದೆ. ಒಂದು ವರ್ಷದವರೆಗೂ ಸುಧಾರಿಸುತ್ತಾ ಹೋಗಬಹುದು. ಕೆಲವರಿಗೆ ಒಂದಿಷ್ಟು ಜಾಗ ಕೊನೆಗೂ ಮಂದವಾಗಿಯೇ ಉಳಿಯುತ್ತದೆ. ವಯಸ್ಸು ಹೆಚ್ಚಿದಷ್ಟೂ ಆ ಸಾಧ್ಯತೆ ಜಾಸ್ತಿ. ಇದು ಸ್ಪರ್ಶದ ನರ, ಮುಖ ಅಲುಗಾಡಿಸುವ ನರ ಅಲ್ಲ. ಇದಕ್ಕೆ ಪೆಟ್ಟಾದರೂ ತುಟಿ ಸೊಟ್ಟ ಆಗುವುದಿಲ್ಲ, ನಗುವಿಗೆ ಏನೂ ಆಗುವುದಿಲ್ಲ. ನನ್ನ ಗಲ್ಲದ ಎಡಬದಿಯಲ್ಲಿ ಒಂದು ನಾಣ್ಯದಷ್ಟು ಜಾಗ ಇನ್ನೂ ಮಂದ. ಊಟದ ಅಗುಳು ಅಂಟಿದ್ದು ಗೊತ್ತಾಗುವುದಿಲ್ಲ, ಕರವಸ್ತ್ರ ಕೈಯಲ್ಲೇ ಇರುತ್ತದೆ.

ನಾನು ಮದುವೆ, ದೇವಸ್ಥಾನಗಳಲ್ಲಿ ಸ್ಯಾಕ್ಸೋಫೋನ್ ನುಡಿಸುತ್ತೇನೆ. ಮಾಡಿಸಬಹುದಾ?

ಕದ್ರಿ ಗೋಪಾಲನಾಥರ ಊರಿನಲ್ಲಿ ಇದು ಬರಲೇಬೇಕಾದ ಪ್ರಶ್ನೆ! ನಿಮಗೆ ಕೆಳತುಟಿಯ ಸ್ಪರ್ಶವೇ ಅನ್ನ. ಹಲ್ಲಿನ ಜಾಗವೂ ಬದಲಾಗುವುದರಿಂದ ಊದುವ ಹಿಡಿತವನ್ನು ಹೊಸದಾಗಿ ಕಲಿಯಬೇಕಾದೀತು. ಮೊದಲ ದಿನವೇ ಸರ್ಜನ್‌ಗೆ ಇದನ್ನು ಹೇಳಿ. ಮೇಲ್ದವಡೆ ಮಾತ್ರ ಸರಿಸಿದರೆ ಸಾಕಾಗುವ ಕೇಸ್ ಆದರೆ ಕೆಳತುಟಿಯ ನರಕ್ಕೆ ಕೈ ಹಾಕುವ ಪ್ರಮೇಯ ಬರುವುದಿಲ್ಲ.

ಬೇರೆ ಅಪಾಯ?

ರಕ್ತಸ್ರಾವ, ಸೋಂಕು, ಮೂಳೆ ಬೇಡದ ಕಡೆ ಸೀಳುವುದು, ಪ್ಲೇಟು ತೊಂದರೆ ಕೊಟ್ಟು ಮುಂದೆ ತೆಗೆಯಬೇಕಾಗುವುದು, ದವಡೆ ಸ್ವಲ್ಪ ಹಳೆಯ ಜಾಗಕ್ಕೆ ವಾಪಸ್ ಹೋಗುವುದು. ಮೇಲ್ದವಡೆ ಸರಿಸಿದರೆ ಮೂಗಿನ ಬುಡ ಸ್ವಲ್ಪ ಅಗಲ ಆಗಬಹುದು. ಕಿವಿ ಹತ್ತಿರ ದವಡೆಯ ಕೀಲು ಕಟಕಟ ಅನ್ನುವವರಿಗೆ ಅದು ಈ ಆಪರೇಷನ್‌ನಿಂದ ಹೋಗಿಯೇ ಹೋಗುತ್ತದೆ ಅಂತ ಯಾರೂ ಮಾತು ಕೊಡಲಾಗದು.

ಸಿಗರೇಟು ಬಿಡಿ, ಗಾಯ ಮಾಯುವುದಿಲ್ಲ. ಎಲೆಅಡಿಕೆ, ಗುಟ್ಕಾ ತಿನ್ನುವವರು ಮುಚ್ಚಿಡದೆ ಹೇಳಿ. ಅಡಿಕೆಯಿಂದ ಕೆನ್ನೆಯ ಒಳಪದರ ಗಟ್ಟಿಯಾಗಿ ಬಾಯಿ ತೆರೆಯುವುದೇ ಕಡಿಮೆ ಆಗಿದ್ದರೆ ಅರಿವಳಿಕೆ ಕೊಡುವವರಿಗೂ ಕಷ್ಟ, ಸರ್ಜನ್‌ಗೂ ಕಷ್ಟ.

ಇನ್ಶೂರೆನ್ಸ್ ಸಿಗುತ್ತದಾ?

ಸುಲಭಕ್ಕೆ ಸಿಗುವುದಿಲ್ಲ. ಆರೋಗ್ಯ ವಿಮೆಗಳಲ್ಲಿ ರೂಪ ಬದಲಿಸುವ ಚಿಕಿತ್ಸೆಗೆ ದುಡ್ಡಿಲ್ಲ ಅನ್ನುವ ಷರತ್ತು ಇದೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಸರಿಪಡಿಸುವಿಕೆ ಮತ್ತು ಆರೋಗ್ಯಕ್ಕೆ ನೇರ ಅಪಾಯ ತಪ್ಪಿಸಲು ಅಗತ್ಯ ಅಂತ ಡಾಕ್ಟರ್ ಬರೆದುಕೊಟ್ಟದ್ದಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ಅಗಿಯಲಾಗದಿರುವುದು, ನಿದ್ದೆಯಲ್ಲಿ ಉಸಿರು ನಿಲ್ಲುವುದು ಇದ್ದರೆ ಪರೀಕ್ಷೆಯ ವರದಿ ಸಮೇತ ಮೊದಲೇ ಅನುಮತಿಗೆ ಕಳಿಸಿ. ಉತ್ತರ ಬರಹದಲ್ಲೇ ಇರಲಿ, ಏಜೆಂಟರ ಬಾಯಿಮಾತು ಬೇಡ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಬೇರೆ ಇದೆ, 2024ರ ಏಪ್ರಿಲ್‌ನಿಂದ ಅದು ಹೆಚ್ಚೆಂದರೆ 36 ತಿಂಗಳು. ಕ್ಲಿಪ್ಪಿನ ಖರ್ಚು ಕೈಯಿಂದಲೇ ಅಂತ ಲೆಕ್ಕ ಹಾಕಿ.

ಬಿಲ್ಲು ಕೇಳುವಾಗ ಬಿಡಿಸಿ ಕೇಳಿ: ಕ್ಲಿಪ್, ಸರ್ಜನ್ ಫೀಸು, ಅರಿವಳಿಕೆ, ಥಿಯೇಟರ್, ವಾರ್ಡು, ಸ್ಕ್ಯಾನ್, ಪ್ಲೇಟು. ಪ್ಲೇಟಿನ ದುಡ್ಡು ಬೇರೆ ಅಂತ ಕೊನೆಗೆ ಗೊತ್ತಾಗುವುದೇ ಹೆಚ್ಚು. ಕಾಲೇಜು ಆಸ್ಪತ್ರೆಯ ಜನರಲ್ ವಾರ್ಡು ಖಾಸಗಿ ಆಸ್ಪತ್ರೆಗಿಂತ ಸಾಕಷ್ಟು ಅಗ್ಗ.

ಎಷ್ಟು ರಜೆ ಬೇಕು? ಯಾವ ತಿಂಗಳು ಒಳ್ಳೆಯದು?

ಆಸ್ಪತ್ರೆಯಲ್ಲಿ ಎರಡರಿಂದ ನಾಲ್ಕು ದಿನ. ಕಂಪ್ಯೂಟರ್ ಮುಂದೆ ಕೂರುವ ಕೆಲಸಕ್ಕೆ ಮೂರು ವಾರ, ಪಾಠ ಮಾಡುವವರಿಗೆ, ದಿನವಿಡೀ ಫೋನಿನಲ್ಲಿ ಮಾತಾಡುವವರಿಗೆ ಇನ್ನೂ ಜಾಸ್ತಿ. ಕಬಡ್ಡಿ, ವಾಲಿಬಾಲ್ ಮೂರು ತಿಂಗಳಾದರೂ ಬೇಡ. ಮೊದಲ ವಾರಗಳಲ್ಲಿ ಸ್ಕೂಟರ್ ಕೂಡ ಬೇಡ. ನಮ್ಮ ರಸ್ತೆ ಹೊಂಡಗಳಲ್ಲಿ ದವಡೆ ಕುಲುಕಿದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಾ? ಮಳೆಗಾಲದಲ್ಲಿ ಶೀತ ಹಿಡಿದರೆ ಮೂಗು ಕಟ್ಟಿ ಪರದಾಟ. ಏಪ್ರಿಲ್, ಮೇ ಸೆಕೆಗೆ ಮುಖ ಉರಿಯುತ್ತದೆ. ನವೆಂಬರ್‌ನಿಂದ ಜನವರಿವರೆಗೆ ಒಳ್ಳೆಯದು, ಆದರೆ ಆಗ ಮನೆ ತುಂಬಾ ಮದುವೆ ಕಾಗದ ಇರುತ್ತದೆ.

ಮಗಳಿಗೆ ಮದುವೆ ಗೊತ್ತಾಗಿದೆ. ಅದರೊಳಗೆ ಮುಗಿಸಬಹುದಾ?

ತಾರೀಕು ಹಿಡಿದುಕೊಂಡು ದವಡೆ ಆಪರೇಷನ್‌ಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ. ಮೊದಲು ಮಗಳನ್ನೇ ಕೇಳಿ, ಅವಳಿಗೆ ಬೇಕಾ ಅಂತ. ಬೇಕಿದ್ದರೆ ಮದುವೆ ಆದ ಮೇಲೂ ಆಗುತ್ತದೆ. ಗಂಡಿನ ಕಡೆಯವರು ಬೇಕು ಅಂದದ್ದಕ್ಕೆ ಅಂತಾದರೆ ಸರ್ಜನ್‌ಗಿಂತ ಮೊದಲು ಆ ಮನೆಯವರ ಬಗ್ಗೆ ಯೋಚಿಸಿ.

ಪ್ಲೇಟು ಒಳಗೇ ಇರುತ್ತದಾ? ಏರ್‌ಪೋರ್ಟಿನಲ್ಲಿ ಸದ್ದು ಮಾಡುತ್ತದಾ? ಪಾಸ್‌ಪೋರ್ಟಿನ ಫೋಟೋ?

ತೊಂದರೆ ಕೊಡದಿದ್ದರೆ ಜೀವಮಾನವಿಡೀ ಒಳಗೇ ಇರುತ್ತದೆ. ಅಷ್ಟು ಚಿಕ್ಕ ಟೈಟಾನಿಯಂಗೆ ಬಜ್ಪೆಯ ಗೇಟು ಸಾಮಾನ್ಯವಾಗಿ ಕಿರುಚುವುದಿಲ್ಲ. ಎಂಆರ್‌ಐ ಮಾಡಿಸುವಾಗ ಮಾತ್ರ ಹೇಳಿ. ಮುಖ ಗುರುತು ಸಿಗದಷ್ಟು ಬದಲಾಗಿದ್ದರೆ ಆಧಾರ್ ಕೇಂದ್ರದಲ್ಲಿ ಹೊಸ ಫೋಟೋ ತೆಗೆಸಿ, ರೂಪ ಬದಲಾಗಿದೆ ಅನ್ನುವ ಕಾರಣಕ್ಕೆ ಪಾಸ್‌ಪೋರ್ಟ್ ಮರುವಿತರಣೆಗೂ ಅರ್ಜಿ ಹಾಕಬಹುದು. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದದ ಎರಡು ಜೆರಾಕ್ಸ್ ಮಾಡಿಸಿ, ಒಂದನ್ನು ಪಾಸ್‌ಪೋರ್ಟ್ ಜೊತೆಗೇ ಇಡಿ.